ಹಿತ್ತಾಳೆ ಪಟ್ಟಿಯ ಕೆಳಗಿನ ಬಣ್ಣ

೧೯೫೮ರ ಮಾರ್ಚ್ ೩, ಸೋಮವಾರ ಬೆಳಿಗ್ಗೆ ೧೦-೨೦ಕ್ಕೆ ಉಮರ್ಗಾ ಪೊಲೀಸ್ ಠಾಣೆಗೆ ಒಂದು ದೂರು ಬಂತು. ಸಬ್‌ಇನ್‌ಸ್ಪೆಕ್ಟರ್ ಕಲ್ಯಾಣಪ್ಪ ಅದನ್ನು ಮೂರು ಸಲ ಹೇಳಿಸಿ ಕೇಳಿದರು. ಮೂರನೆಯ ಸಲಕ್ಕೂ ಅದು ಬಣ್ಣದ ದೂರೇ ಆಗಿತ್ತು.

ದೂರುದಾರಳು ಉದಗೀರಿನ ಬಟ್ಟೆ ಅಂಗಡಿಯ ಶಿವಗಂಗಾಬಾಯಿ, ವಯಸ್ಸು ಮೂವತ್ತನಾಲ್ಕು. ಜೊತೆಗೆ ಬಂದಿದ್ದ ಗಂಡ ವಿಶ್ವನಾಥಪ್ಪ ಬೆಂಚಿನ ತುದಿಯಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕೇಳಿದ್ದಕ್ಕೆ, ತನಗೆ ಈ ವಿಷಯದಲ್ಲಿ ಏನೂ ಗೊತ್ತಿಲ್ಲ, ಆ ಗಾಡಿಯ ಬಾನೆಟ್ಟಿನೊಳಗೆ ತಾನು ಇದುವರೆಗೆ ಇಣುಕಿಯೇ ಇಲ್ಲ ಎಂದರು.

ಶಿವಗಂಗಾಬಾಯಿ ಹೇಳಿದ್ದು ಇಷ್ಟು. ಅವರ ಹತ್ತಿರ ಎರಡು ಸೀಟಿನ ಒಂದು ವಿಲಾಯತಿ ರೇಸ್ ಕಾರಿದೆ. ಒಂದು ಕಾಲಕ್ಕೆ ಅದು ಉದಗೀರ ಕಡೆಯ ಜಹಗೀರದಾರರದು. ಜಹಗೀರುಗಳು ರದ್ದಾದ ಮೇಲೆ ಹರಾಜಿನಲ್ಲಿ ಇವರು ಕೊಂಡರು. ಕಳೆದ ನವೆಂಬರ್‌ನಲ್ಲಿ ಅದನ್ನು ಲಾರಿಗೆ ಕಟ್ಟಿ ಉಮರ್ಗಾಕ್ಕೆ ಎಳೆಸಿಕೊಂಡು ಬಂದು, ಹೈವೇ ಬದಿಯ ವೈಜಿನಾಥ ಮಿಸ್ತ್ರಿಯ ವರ್ಕ್‌ಶಾಪಿಗೆ ಒಪ್ಪಿಸಿದರು. ಇಂಜಿನ್ ಪೂರ್ತಿ ಬಿಚ್ಚಿ ಸರಿಮಾಡಬೇಕು, ವಿಲಾಯತಿಯಿಂದ ಬಂದಾಗ ಇಂಜಿನ್ನಿಗೆ ಯಾವ ಬಣ್ಣವಿತ್ತೋ ಅದೇ ಬಣ್ಣ ಹಚ್ಚಬೇಕು ಎಂಬ ಮಾತಾಗಿತ್ತು. ನಿನ್ನೆ ಗಾಡಿ ಒಯ್ಯಲು ಬಂದರೆ, ಒಳಗಿರುವುದು ತಮ್ಮ ಇಂಜಿನ್ನಲ್ಲ.

"ಮ್ಯಾಲ ಹಸರ ಬಣ್ಣ ಹಚ್ಚ್ಯಾನ್ರೀ, ನಾ ತಂದುಕೊಟ್ಟದ್ದೇ ಹಚ್ಚ್ಯಾನ. ಆದರ ಹಿತ್ತಾಳಿ ಪಟ್ಟಿ ಬಿಚ್ಚಿ ನೋಡಿದರ ಕೆಳಗ ಬೂದಿ ಬಣ್ಣ ಅದ. ನವೆಂಬರದಾಗ ಅಲ್ಲಿ ಹಸರ ಇತ್ತು. ನಾನೇ ಬಿಚ್ಚಿ ನೋಡೀನಿ."

ಹಿತ್ತಾಳೆ ಪಟ್ಟಿ ಎಂದರೆ ಇಂಜಿನ್ನಿನ ಮಗ್ಗುಲಿಗೆ ನಾಲ್ಕು ಸ್ಕ್ರೂಗಳಿಂದ ಕೂಡಿಸಿದ ನಂಬರಿನ ಫಲಕ. ಅಗಲ ಎರಡು ಇಂಚು, ಉದ್ದ ಮೂರು. ಕಾರ್ಖಾನೆಯಲ್ಲಿ ಬಣ್ಣ ಹಚ್ಚಿದ ಮೇಲೆ ಪಟ್ಟಿ ಕೂಡಿಸುತ್ತಾರೆ. ಆಮೇಲೆ ಯಾರು ಎಷ್ಟು ಸಲ ಬೇರೆ ಬಣ್ಣ ಬಳಿದರೂ ಪಟ್ಟಿಯ ಕೆಳಗೆ ಮೊದಲಿನದು ಹಾಗೇ ಉಳಿಯುತ್ತದೆ. ಹೀಗೆಂದು ಶಿವಗಂಗಾಬಾಯಿ ವಿವರಿಸಿದರು. ಆ ಹಸಿರನ್ನು ಮುಂಬಯಿಯ ಬಣ್ಣದ ಅಂಗಡಿಯ ಶೇಡ್ ಕಾರ್ಡಿಗೆ ಹಿಡಿದು, ಹದಿನಾಲ್ಕನೆಯ ಚೌಕಕ್ಕೆ ಸರಿಹೊಂದಿದ್ದನ್ನು ಕಂಡು, ಎರಡು ಡಬ್ಬಿ ತರಿಸಿದ್ದರು. ಕಾರ್ಡನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಹರವಿದರು.

ನವೆಂಬರ್‌ನಲ್ಲಿ ಆ ಪಟ್ಟಿ ಬಿಚ್ಚಿದಾಗ ಬೇರೆ ಯಾರು ನೋಡಿದ್ದರು ಎಂದು ಕಲ್ಯಾಣಪ್ಪ ಕೇಳಿದರು. ಯಾರೂ ಇರಲಿಲ್ಲ. ಹಸಿರೆಂದರೆ ಹಸಿರು, ಅದಕ್ಕೆ ಕಾರ್ಡೇಕೆ ಎಂದು ಕಲ್ಯಾಣಪ್ಪ ಅಂದರು. ಶಿವಗಂಗಾಬಾಯಿ ಕಾರ್ಡನ್ನು ಅವರತ್ತ ತಿರುಗಿಸಿ, ಇದರೊಳಗೆ ಹದಿನೆಂಟು ಹಸಿರುಗಳಿವೆ ಎಂದರು. ಕಲ್ಯಾಣಪ್ಪ ಎಣಿಸಲಿಲ್ಲ. ಠಾಣೆಯಲ್ಲಿ ಎರಡು ಎಮ್ಮೆ ಕಳವು, ಒಂದು ತಲೆ ಒಡೆದ ಪ್ರಕರಣ, ಹೈವೇಯಲ್ಲಿ ಎತ್ತಿನ ಗಾಡಿಗೆ ಬಸ್ಸು ಬಡಿದ ಪ್ರಕರಣ ಬಾಕಿ ಇದ್ದವು. ಸ್ಟೇಷನ್ ಡೈರಿಯಲ್ಲಿ ನಾಲ್ಕು ಸಾಲು ಬರೆದುಕೊಂಡು, ವಿಚಾರಿಸಿ ತಿಳಿಸುತ್ತೇವೆ, ಊರಿಗೆ ಹೋಗಿ ಎಂದರು. ಶಿವಗಂಗಾಬಾಯಿ ಹೋಗಲಿಲ್ಲ. ಮಧ್ಯಾಹ್ನದ ಬಸ್ಸು ಹೋಯಿತು, ಸಂಜೆಯ ಬಸ್ಸಿನ ಹೊತ್ತಾಯಿತು; ಅವರು ಬೆಂಚಿನ ಮೇಲೇ ಇದ್ದರು. ಐದು ಗಂಟೆಗೆ ಕಲ್ಯಾಣಪ್ಪ ಟೋಪಿ ಹಾಕಿಕೊಂಡು ಎದ್ದರು.

ಅವರಿಗೆ ಇನ್ನೊಂದು ತೊಡಕಿತ್ತು. ಠಾಣೆಯ ಜೀಪು ಎಂಟು ದಿನದಿಂದ ಅದೇ ವೈಜಿನಾಥ ಮಿಸ್ತ್ರಿಯ ವರ್ಕ್‌ಶಾಪಿನಲ್ಲಿ ಬಿಚ್ಚಿ ಬಿದ್ದಿತ್ತು. ಸೋಲಾಪುರದಿಂದ ಹುಮನಾಬಾದಿನವರೆಗೆ ಅವನಂಥ ಮಿಸ್ತ್ರಿ ಇನ್ನೊಬ್ಬನಿಲ್ಲ ಎಂಬ ಹೆಸರಿತ್ತು. ಲಾರಿಯವರು ಕೆಟ್ಟ ಇಂಜಿನ್ನನ್ನು ನಲವತ್ತು ಮೈಲಿ ಎಳೆಸಿಕೊಂಡಾದರೂ ಅವನಲ್ಲಿಗೇ ಬರುತ್ತಿದ್ದರು.

ವೈಜಿನಾಥನಿಗೆ ವಯಸ್ಸು ನಲವತ್ತೆಂಟು, ಮಾತು ಕಡಿಮೆ. ೧೯೩೪ರಲ್ಲಿ ಆ ಕಾರು ಜಹಗೀರದಾರರ ಮನೆಗೆ ಬಂದ ದಿನದಿಂದ ೧೯೪೮ರ ಪೊಲೀಸ್ ಆಕ್ಷನ್ನಿನವರೆಗೆ ಅದನ್ನು ನೋಡಿಕೊಂಡವನು ಅವನೇ. ಆಮೇಲೆ ಉಮರ್ಗಾದಲ್ಲಿ ಸ್ವಂತ ವರ್ಕ್‌ಶಾಪು ಹಾಕಿದ್ದ. ಕಲ್ಯಾಣಪ್ಪ ಅವನನ್ನು ಕಾರಿನ ಪಕ್ಕದಲ್ಲೇ ನಿಲ್ಲಿಸಿ ಕೇಳಿದರು.

"ಇಂಜಿನ್ ಯಾರದು, ಮಿಸ್ತ್ರಿ?"

"ಈ ಗಾಡಿದೇ ಅದ ರೀ."

"ಪಟ್ಟಿ ಕೆಳಗ ಬೂದಿ ಬಣ್ಣ ಹೆಂಗ ಬಂತು?"

"ಹಿಂದ ಯಾರರೆ ಹಚ್ಚಿರಬೇಕು. ಬಾಯಿಯವರು ಮರತಿರಬೇಕು."

"ನಂಬರ?"

"ಪಟ್ಟಿ ಮ್ಯಾಲ ಅದ. ನೋಡ್ರಿ."

ನಂಬರು ನೋಡಲು ಕಾನ್‌ಸ್ಟೇಬಲ್ ಗಫೂರಮಿಯಾನನ್ನು ಕರೆಯಬೇಕಾಯಿತು. ಕಾರಿನ ಹಳೆಯ ಕಾಗದವೆಲ್ಲ ಉರ್ದುವಿನಲ್ಲಿತ್ತು. ಠಾಣೆಯಲ್ಲಿ ಉರ್ದು ಓದಬಲ್ಲವನು ಅವನೊಬ್ಬನೇ. ಕಾಗದದ ನಂಬರು ಪಟ್ಟಿಯ ನಂಬರಿಗೆ ಸರಿಯಾಗಿ ಕೂಡಿತು. ನಾಲ್ಕು ಸ್ಕ್ರೂ ಬಿಚ್ಚಿದರೆ ಒಂದು ಇಂಜಿನ್ನಿನಿಂದ ಇನ್ನೊಂದಕ್ಕೆ ಹೋಗಬಲ್ಲ ಪಟ್ಟಿ ಅದು ಎಂದು ಶಿವಗಂಗಾಬಾಯಿ ಅಂದರು. ಇಂಜಿನ್ನಿನ ಎರಕದ ಕಬ್ಬಿಣದ ಮೇಲೆ ಬೇರೆ ನಂಬರೇನೂ ಇರಲಿಲ್ಲ. ಅಷ್ಟರಲ್ಲಿ ಗಫೂರಮಿಯಾ ಕಾಗದದ ಕೆಳಗಡೆ ಬೆರಳಿಟ್ಟು, ಬಣ್ಣವೂ ಬರೆದಿದೆ ಎಂದ. ಕಲ್ಯಾಣಪ್ಪನಿಗೆ ಜೀವ ಬಂದಂತಾಯಿತು. "ರಂಗ್, ಲಾಲ್" ಎಂದು ಅವನು ಓದಿದ. ಅದು ಗಾಡಿಯ ಮೈಬಣ್ಣ ಎಂದು ಶಿವಗಂಗಾಬಾಯಿ ಹೇಳಿದರು.

ಮೂಲ ರಿಜಿಸ್ಟರ್ ನೋಡಬೇಕೆಂದರೆ ಅದು ಬೀದರಿನಲ್ಲಿತ್ತು. ಒಂದೂವರೆ ವರ್ಷದ ಕೆಳಗೆ ಉದಗೀರು, ನಿಲಂಗಾ ಎಲ್ಲ ಬೀದರ ಜಿಲ್ಲೆಗೇ ಸೇರಿದ್ದವು. ಈಗ ಬೀದರು ಮೈಸೂರು ರಾಜ್ಯ, ಇದು ಮುಂಬಯಿ ರಾಜ್ಯ. ಕಾಗದ ಬರೆದರೆ ಮಳೆಗಾಲದೊಳಗೆ ಉತ್ತರ ಬಂದರೂ ಪುಣ್ಯ. ಜನ ಮಾತಾಡುವುದು ಕನ್ನಡದಲ್ಲಿ, ತಾವು ಬರೆಯಬೇಕಾದ್ದು ಮರಾಠಿಯಲ್ಲಿ, ಹಳೆಯ ದಾಖಲೆ ಉರ್ದುವಿನಲ್ಲಿ, ಇಂಜಿನ್ನಿನ ಮೇಲಿರುವುದು ಇಂಗ್ಲಿಷಿನಲ್ಲಿ. ಕಲ್ಯಾಣಪ್ಪ ಕಾಗದ ಮಡಚಿ ಗಫೂರಮಿಯಾನ ಕೈಗೆ ಕೊಟ್ಟರು.

ಇಂಜಿನ್ ಹಸಿರಿತ್ತೆಂದು ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಹೊರಗೆ ಬಂದ ಮೇಲೆ ಅವರು ಶಿವಗಂಗಾಬಾಯಿಯನ್ನು ಕೇಳಿದರು. ಪಟ್ಟಿಯ ಕೆಳಗೆ ಕಂಡ ಹಸಿರನ್ನು ಅವರು ಅದಕ್ಕೆ ಮೊದಲೇ ಒಮ್ಮೆ ಕಂಡಿದ್ದರೆಂದು ಆಗ ತಿಳಿಯಿತು. ೧೯೩೪ರ ಬೇಸಿಗೆಯಲ್ಲಿ, ಅವರಿಗೆ ಹತ್ತು ವರ್ಷವಿದ್ದಾಗ, ಅವರ ತಂದೆಯ ಹೊಲದ ಹತ್ತಿರ ಆ ಕಾರು ನೀರು ಕುದ್ದು ನಿಂತಿತ್ತು. ಬಾವಿಯಿಂದ ನಾಲ್ಕು ಕೊಡ ನೀರು ತಂದು ಸುರಿದವರು ಇವರು. ಬಾನೆಟ್ ತೆರೆದಿತ್ತು. ಕೆಂಪು ಗಾಡಿಯೊಳಗೆ ಹಸಿರು ಇಂಜಿನ್, ಬಲಿತ ಬೇವಿನೆಲೆಯ ಹಸಿರು. ಹುಡುಗಿ ದೂರ ಸರಿ ಎಂದು ಜಹಗೀರದಾರರು ಗದರಿದ್ದರು. ಗಾಡಿ ಹೋದ ಮೇಲೆ ಧೂಳು ಎಷ್ಟೋ ಹೊತ್ತು ಹಾಗೇ ನಿಂತಿತ್ತು. ಅದನ್ನು ತಾನೇ ಓಡಿಸಬೇಕೆಂದು ಆವತ್ತೇ ಅಂದುಕೊಂಡಿದ್ದೆ ಎಂದರು. ಹೋದ ವರ್ಷ ಉಸ್ಮಾನಾಬಾದಿಗೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡು ಬಂದಿದ್ದರು. ಗಾಡಿ ತಯಾರಾದ ಮೇಲೆ ಮೊದಲು ತಾನೇ ಕೂತು ಓಡಿಸಬೇಕು, ಅಲ್ಲಿಯವರೆಗೆ ಯಾರೂ ಓಡಿಸಕೂಡದೆಂದು ಮಿಸ್ತ್ರಿಗೆ ತಾಕೀತು ಮಾಡಿದ್ದರು.

ಕಲ್ಯಾಣಪ್ಪನಿಗೆ ಸಿಟ್ಟು ಇಳಿಯಲಿಲ್ಲ. ಆದರೆ ಈ ಹೆಂಗಸು ಸುಳ್ಳು ಹೇಳುತ್ತಿಲ್ಲ ಎನಿಸಿತು. ಅದರಿಂದ ಸಿಟ್ಟು ಇನ್ನಷ್ಟು ಹೆಚ್ಚಾಯಿತು.

ಮಾರ್ಚ್ ೬, ಗುರುವಾರ ಅವರು ಗಫೂರಮಿಯಾನೊಡನೆ ಉದಗೀರಿಗೆ ಹೋದರು. ಜೀಪಿಲ್ಲದ್ದರಿಂದ ಬಸ್ಸು, ನಿಲಂಗಾದಲ್ಲಿ ಬಸ್ಸು ಬದಲಿಸಿ, ದಾರಿಯಲ್ಲಿ ಒಂದು ಟೈರು ಪಂಕ್ಚರಾಗಿ, ಬೆಳಿಗ್ಗೆ ಆರಕ್ಕೆ ಹೊರಟವರು ಮುಟ್ಟಿದ್ದು ಮಧ್ಯಾಹ್ನ ಒಂದೂವರೆಗೆ. ಆ ಇಂಜಿನ್ನನ್ನು ಕಣ್ಣಾರೆ ಕಂಡ ಇಬ್ಬರು ಅಲ್ಲಿದ್ದರು.

ಮೊದಲನೆಯವನು ಜಹಗೀರದಾರರ ಹಳೆಯ ಡ್ರೈವರ್ ಚಾಂದಸಾಬ. ಇಂಜಿನ್ ಬೆಳ್ಳಿ ಬಣ್ಣದ್ದು ಎಂದ. ಜಹಗೀರದಾರರ ಮಗನ ನಿಕಾಹದ ದಿನ ಬಾನೆಟ್ ತೆಗೆದಿಟ್ಟೇ ಮೆರವಣಿಗೆ ಮಾಡಿದ್ದರು, ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು, ಬೇಕಾದರೆ ಕುರಾನಿನ ಮೇಲೆ ಕೈಯಿಟ್ಟು ಹೇಳುತ್ತೇನೆ ಎಂದ.

ಎರಡನೆಯವರು ಪೆಟ್ರೋಲ್ ಮಾರುವ ಮಾಣಿಕಪ್ಪ. ಹಸಿರೂ ಅಲ್ಲ, ಬೆಳ್ಳಿಯೂ ಅಲ್ಲ, ಕಪ್ಪು ಎಂದರು. ಪೊಲೀಸ್ ಆಕ್ಷನ್ನಿಗೆ ಮುಂಚಿನ ಎರಡು ವರ್ಷ ತಾನೇ ಅದಕ್ಕೆ ಎಣ್ಣೆ ಹಾಕಿದ್ದೇನೆ, ಕಾಡಿಗೆಯಂತೆ ಕಪ್ಪಿತ್ತು. ಬಹುಶಃ ಅದು ಎಣ್ಣೆಯ ಮಸಿ ಇರಬಹುದು ಎಂದು ಕಲ್ಯಾಣಪ್ಪ ಅಂದದ್ದಕ್ಕೆ, ಮಸಿ ಯಾವುದು ಬಣ್ಣ ಯಾವುದು ತಿಳಿಯದಷ್ಟು ಕಣ್ಣು ಹೋಗಿಲ್ಲ ಎಂದು ಅವರು ಬೇಸರ ಮಾಡಿಕೊಂಡರು.

ಹಸಿರು, ಬೆಳ್ಳಿ, ಕಪ್ಪು. ಪಟ್ಟಿಯ ಕೆಳಗೆ ಬೂದಿ. ಮೂವರು ಮೂರು ಬಣ್ಣ, ಇಂಜಿನ್ ನಾಲ್ಕನೆಯದು ಹೇಳಿದ ಮೇಲೆ ಯಾವ ಮ್ಯಾಜಿಸ್ಟ್ರೇಟರ ಮುಂದೆ ಏನು ಹೇಳುವುದು? ಬಸ್ ಸ್ಟ್ಯಾಂಡಿನಲ್ಲಿ ಕಲ್ಯಾಣಪ್ಪ ಚಹಾ ತರಿಸಿ ಕುಡಿಯದೆ ಕೂತರು. ಆಗ ಗಫೂರಮಿಯಾ, ಡ್ರೈವರ್ ಇನ್ನೊಂದು ಮಾತು ಹೇಳಿದ ಎಂದ. ಜಹಗೀರದಾರರ ತಮ್ಮ ಎರಡು ವರ್ಷದ ಮೇಲೆ, ೧೯೩೬ರಲ್ಲಿ, ಹಟಕ್ಕೆ ಬಿದ್ದು ಅದೇ ಅಚ್ಚಿನ ಇನ್ನೊಂದು ಗಾಡಿ ತರಿಸಿದ್ದರು. ಈಗ ಅದು ವಲಾಂಡಿಯ ಒಬ್ಬ ರೈತನ ಹಿತ್ತಲಲ್ಲಿದೆಯಂತೆ.

"ಅದರ ಇಂಜಿನ್ ಯಾವ ಬಣ್ಣ?"

"ಬೂದಿ ಅಂದಾನ್ರೀ ಸಾಹೇಬ್."

ಇದನ್ನು ಮೊದಲು ಯಾಕೆ ಹೇಳಲಿಲ್ಲ ಎಂದು ಕಲ್ಯಾಣಪ್ಪ ಕೇಳಿದರು. ನೀವು ಆ ಗಾಡಿಯ ಬಗ್ಗೆ ಕೇಳಲೇ ಇಲ್ಲ ಎಂದು ಗಫೂರಮಿಯಾ ಹೇಳಿದ.

ಮಾರ್ಚ್ ೭ರಂದು ವಿಶ್ವಾಸದ್ರೋಹದ ಕಲಮಿನ ಕೆಳಗೆ ಎಫ್‌ಐಆರ್ ದಾಖಲಾಯಿತು. ಮರುದಿನ ಬೆಳಿಗ್ಗೆ ೯ಕ್ಕೆ ವರ್ಕ್‌ಶಾಪಿನಲ್ಲಿ ಪಂಚನಾಮೆ, ಎಂದರೆ ಸಾಕ್ಷಿಗಳ ಎದುರಿನ ಮಹಜರು. ಪಂಚರು ಒಬ್ಬರು ಶಾಲೆಯ ಮಾಸ್ತರರು, ಇನ್ನೊಬ್ಬರು ಎದುರಿನ ಹೋಟೆಲಿನ ಮಾಲಕರು. ಏನು ಮಾಡಬೇಕೆಂದು ಹೇಳಿಕೊಟ್ಟವರು ಶಿವಗಂಗಾಬಾಯಿ. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಜಿಡ್ಡು ಒರೆಸಬೇಕು, ಆಮೇಲೆ ಚಾಕುವಿನ ಮೊನೆಯಿಂದಲ್ಲ, ಅಲಗಿನಿಂದ, ಒಂದೊಂದೇ ಪದರು ಮೆಲ್ಲಗೆ ಕೆರೆಯಬೇಕು. ಒಮ್ಮೆಲೇ ಕೆರೆದರೆ ಕಬ್ಬಿಣವೇ ಬಂದುಬಿಡುತ್ತದೆ, ಬಣ್ಣದ ಸಾಕ್ಷಿ ಹೋಗುತ್ತದೆ.

ಇಂಜಿನ್ನಿನ ಅಡಿಯಲ್ಲಿ, ಕಾಣದ ಮೂರು ಕಡೆ ಗಫೂರಮಿಯಾ ಕೆರೆದ. ಮೂರೂ ಕಡೆ ಹೊಸ ಹಸಿರು, ಅದರ ಕೆಳಗೆ ಬೂದಿ, ಅದರ ಕೆಳಗೆ ಕಬ್ಬಿಣ. ಬೆಳ್ಳಿಯಿಲ್ಲ, ಕಪ್ಪಿಲ್ಲ. ಆಮೇಲೆ ಶಿವಗಂಗಾಬಾಯಿ, ಇಂಜಿನ್ನಿನ ಬೆನ್ನಿಗೆ ಕೂಡಿಸಿದ ಗೇರ್ ಪೆಟ್ಟಿಗೆಯನ್ನೂ ಕೆರೆಯಿರಿ ಎಂದರು. ಮಿಸ್ತ್ರಿ ಅದಕ್ಕೆ ಬಣ್ಣ ಹಚ್ಚಿರಲಿಲ್ಲ. ಹಚ್ಚುವ ಮಾತೂ ಆಗಿರಲಿಲ್ಲ. ಜಿಡ್ಡು ಹೋದ ಮೇಲೆ ಮೊದಲು ಕಪ್ಪು ಕಂಡಿತು. ಇನ್ನೆರಡು ಸಲ ಅಲಗು ಆಡಿಸಿದಾಗ ಕಪ್ಪಿನ ಕೆಳಗಿನಿಂದ ಬೆಳ್ಳಿ ಮಿಂಚಿತು. ಬೆಳ್ಳಿಯ ಕೆಳಗೆ ಹಸಿರು.

ಚಾಂದಸಾಬ, ಮಾಣಿಕಪ್ಪ, ಶಿವಗಂಗಾಬಾಯಿ, ಮೂವರು ಹೇಳಿದ್ದೂ ನಿಜವಾಗಿತ್ತು. ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ನೋಡಿದ್ದರು. ಗೇರ್ ಪೆಟ್ಟಿಗೆ ಇಪ್ಪತ್ತನಾಲ್ಕು ವರ್ಷ ಆ ಗಾಡಿಯಲ್ಲಿದ್ದು ಮೂರು ಬಣ್ಣ ಕಂಡಿತ್ತು. ಅದರ ಮುಂದಿರುವ ಇಂಜಿನ್ ಆ ಮೂರರಲ್ಲಿ ಒಂದನ್ನೂ ಕಂಡಿರಲಿಲ್ಲ.

ಪಂಚನಾಮೆ ಬರೆಯಲು ಕೂತಾಗ ಪಂಚರಲ್ಲಿ ವಾದ ಹುಟ್ಟಿತು. ಕೆಳಗಿನ ಹಸಿರು ಗಿಳಿಹಸಿರೆಂದು ಮಾಸ್ತರರು, ಪಾಚಿಹಸಿರೆಂದು ಹೋಟೆಲಿನವರು. ಮಾಸ್ತರರು ಸಹಿ ಹಾಕಲು ಒಪ್ಪಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಕಲ್ಯಾಣಪ್ಪ ಶೇಡ್ ಕಾರ್ಡು ತರಿಸಿ, ಗೇರ್ ಪೆಟ್ಟಿಗೆಗೆ ಹಿಡಿದು, "ಕಾರ್ಡಿನ ಹದಿನಾಲ್ಕನೆಯ ಚೌಕದ ಬಣ್ಣ" ಎಂದು ಮರಾಠಿಯಲ್ಲಿ ತಾವೇ ಬರೆದರು. ಇಬ್ಬರೂ ಸಹಿ ಹಾಕಿದರು. ಇಷ್ಟೆಲ್ಲ ನಡೆಯುವಾಗ ವೈಜಿನಾಥ ಗೋಡೆಗೆ ಒರಗಿ ನಿಂತು ಗೇರ್ ಪೆಟ್ಟಿಗೆಯನ್ನೇ ನೋಡುತ್ತಿದ್ದ. ಹೇಳುವುದೇನಾದರೂ ಇದೆಯೇ ಎಂದರೆ ಇಲ್ಲ ಎಂದ.

ಮಾರ್ಚ್ ೧೦, ಸೋಮವಾರ ಕಲ್ಯಾಣಪ್ಪ, ಗಫೂರಮಿಯಾ, ಜೊತೆಗೆ ಶಿವಗಂಗಾಬಾಯಿ ಔರಾದ ಶಹಾಜನಿಯವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಬಾಡಿಗೆಯ ಎತ್ತಿನ ಗಾಡಿಯಲ್ಲಿ ವಲಾಂಡಿ ಮುಟ್ಟಿದರು. ಆ ಸರಹದ್ದಿನ ಠಾಣೆಗೆ ಮೊದಲೇ ವರದಿ ಹೋಗಿತ್ತು. ಅಲ್ಲಿಂದ ಬರಬೇಕಾದ ಕಾನ್‌ಸ್ಟೇಬಲ್ ಎರಡು ತಾಸು ತಡವಾಗಿ ಸೈಕಲ್ ತಳ್ಳಿಕೊಂಡು ಬಂದ.

ಕಾರಿನ ಮಾಲಕ ಮನ್ಮಥಪ್ಪ ಅರವತ್ತು ಎಕರೆಯ ಒಕ್ಕಲಿಗ. ಜಹಗೀರದಾರರ ತಮ್ಮನಿಂದ ಹೊಲ ಕೊಂಡಾಗ ಅದರ ಜೊತೆಗೆ ಈ ಗಾಡಿಯೂ ಬಂದಿತ್ತು. ಹಿತ್ತಲಿನ ತಗಡಿನ ಚಪ್ಪರದ ಕೆಳಗೆ, ಸೀಟುಗಳ ಜಾಗದಲ್ಲಿ ಹತ್ತಿಕಾಳಿನ ಚೀಲಗಳನ್ನು ಒಟ್ಟಿಕೊಂಡು ಅದು ನಿಂತಿತ್ತು. ನಿಮ್ಮ ಇಂಜಿನ್ ಕಳುವಾಗಿದೆಯೇ ಎಂದು ಕಲ್ಯಾಣಪ್ಪ ಕೇಳಿದರು. ಮನ್ಮಥಪ್ಪ ಯೋಚಿಸಿ, ಇದಕ್ಕೆ ಇಂಜಿನ್ ಇತ್ತು ಅನಿಸುತ್ತದೆ ಎಂದರು.

ಚೀಲ ಇಳಿಸಿ ಬಾನೆಟ್ ಎತ್ತಿದರು. ಖಾಲಿ ಇರುತ್ತದೆಂದು ಕಲ್ಯಾಣಪ್ಪ ಅಂದುಕೊಂಡಿದ್ದರು. ಇರಲಿಲ್ಲ. ಒಳಗೆ ಒಂದು ಇಂಜಿನ್ ಇತ್ತು, ಕಪ್ಪು ಬಣ್ಣದ್ದು. ಅದರ ಮಗ್ಗುಲಲ್ಲಿ ಒಡಕು ಅಂಚಿನ ಒಂದು ತೂತಿತ್ತು. ಗಫೂರಮಿಯಾ ಮುಷ್ಟಿ ಹಿಡಿದು ಕೈ ತೂರಿಸಿದ. ಮೊಣಕೈವರೆಗೆ ಒಳಗೆ ಹೋಯಿತು. ಒಳಗಿನಿಂದ ಒಂದು ಮುರಿದ ಕಬ್ಬಿಣದ ತೋಳು ಹೊರಕ್ಕೆ ಚಾಚಿತ್ತು. ಒಡೆದ ಅಂಚಿನ ಉದ್ದಕ್ಕೂ ಬಣ್ಣಗಳು ಒಂದರ ಮೇಲೊಂದು ಗೆರೆ ಎಳೆದಂತೆ ಕಾಣುತ್ತಿದ್ದವು, ಕಪ್ಪು, ಬೆಳ್ಳಿ, ಹಸಿರು. ಪಟ್ಟಿಯಿದ್ದ ಜಾಗದಲ್ಲಿ ನಾಲ್ಕು ಸ್ಕ್ರೂ ತೂತು, ಅವುಗಳ ನಡುವೆ ಮಾಸದ ಹಸಿರು ಚೌಕ.

ಶಿವಗಂಗಾಬಾಯಿ ಚೀಲದಿಂದ ಕಾರ್ಡು ತೆಗೆಯಲಿಲ್ಲ. ಆ ಚೌಕದ ಮೇಲೆ ಬೆರಳಿಟ್ಟು, "ಇದೇ ರೀ" ಎಂದಷ್ಟೇ ಹೇಳಿ ತೂತಿನ ಕಡೆ ನೋಡುತ್ತ ನಿಂತರು.

ಇಂಜಿನ್ ಅಲ್ಲಿಗೆ ಹೇಗೆ ಬಂತೆಂದು ಹೇಳಿದವರು ಮನ್ಮಥಪ್ಪನ ತಾಯಿ ರಂಭಾಬಾಯಿ. ಜನವರಿಯ ಕೊನೆಗೆ, ಔರಾದ ಸಂತೆಯ ದಿನ, ಮನೆಯವರೆಲ್ಲ ಸಂತೆಗೆ ಹೋಗಿದ್ದರು. ವೈಜಿನಾಥ ಎತ್ತಿನ ಗಾಡಿಯಲ್ಲಿ ಸರಪಳಿ, ರಾಟೆ, ಮೂರು ಬೊಂಬು, ಗೋಣಿತಾಟು ಮುಚ್ಚಿದ ಒಂದು ಗಂಟು ಹೇರಿಕೊಂಡು ಬಂದ. ಜಹಗೀರದಾರರ ಕಾಲದಿಂದ ಪರಿಚಯದವನು. ಗಾಡಿ ಸಾಫ್ ಮಾಡುತ್ತೇನೆ ಎಂದ.

"ಮುಂಜಾನಿಂದ ಹೊತ್ತು ಮುಳಗೂ ತನಕ ದುಡದಾನ ಯಪ್ಪಾ. ಮಜ್ಜಗಿ ಕೊಟ್ಟೀನಿ. ಇಂಜಿನ್ನು ತಗದಾ, ತೊಳದಾ, ತಿರುಗಿ ಹಾಕಿದಾ ಅಂತ ತಿಳಕೊಂಡೆ. ಅಂವಾ ಯಾವುದು ತಗದಾನ, ಯಾವುದು ಹಾಕ್ಯಾನ, ನನಗೇನ ತಿಳೀತದ?"

ಹಾಗಾದರೆ ತನ್ನ ಇಂಜಿನ್ ಕಳುವಾಯಿತೇ ಇಲ್ಲವೇ ಎಂದು ಮನ್ಮಥಪ್ಪ ಕೇಳಿದರು. ಕಳುವಾಯಿತು ಎಂದು ಕಲ್ಯಾಣಪ್ಪ ಹೇಳಿದರು. ಈ ತೂತು ಬಿದ್ದದ್ದನ್ನು ತಾನು ಇಟ್ಟುಕೊಳ್ಳಬೇಕೇ ಎಂದು ಅವರು ಕೇಳಿದ್ದಕ್ಕೆ, ಇದು ಮುದ್ದೆಮಾಲು, ಕೇಸಿನ ಸಾಕ್ಷಿವಸ್ತು, ಮುಟ್ಟಕೂಡದು ಎಂದರು. ಪಂಚನಾಮೆ ಮುಗಿದಾಗ ಸಂಜೆ ೫-೧೫. ವಲಾಂಡಿಯಿಂದ ಬಸ್ಸಿರಲಿಲ್ಲ.

ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ ೨-೪೦ಕ್ಕೆ ಕಲ್ಯಾಣಪ್ಪ ವರ್ಕ್‌ಶಾಪಿಗೆ ಹೋದರು. ವೈಜಿನಾಥ ಠಾಣೆಯ ಜೀಪಿನ ಕೆಳಗೆ ಮಲಗಿದ್ದ, ಕಾಲುಗಳಷ್ಟೇ ಕಾಣುತ್ತಿದ್ದವು. ವಲಾಂಡಿಗೆ ಹೋಗಿದ್ದೆ ಎಂದು ಕಲ್ಯಾಣಪ್ಪ ಹೇಳಿದರು. ಕಾಲುಗಳು ಅಲುಗಲಿಲ್ಲ.

"ಎರಡ ನಟ್ಟ ಉಳದಾವ ರೀ," ಎಂದು ಕೆಳಗಿನಿಂದ ಮಾತು ಬಂತು. "ಬಿಗದು ಬರ್ತೀನಿ."

ಬಿಗಿಯಲಿ ಎಂದು ಕಲ್ಯಾಣಪ್ಪ ಕಾದರು. ಅವನು ಹೊರಗೆ ಬಂದು, ನಟ್ಟು ಬಿಗಿಯುವ ಪಾನಾಗಳನ್ನು ಒರೆಸಿ ಮೊಳೆಗಳಿಗೆ ತೂಗುಹಾಕಿ, ಸೀಮೆಎಣ್ಣೆಯಲ್ಲಿ ಕೈ ತೊಳೆದುಕೊಂಡ. ೩-೦೫ಕ್ಕೆ ಅವನನ್ನು ಬಂಧಿಸಲಾಯಿತು.

ಠಾಣೆಯಲ್ಲಿ ಅವನು ಎಲ್ಲವನ್ನೂ ಹೇಳಿದ. ಪೊಲೀಸರ ಮುಂದಿನ ಹೇಳಿಕೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಮ್ಯಾಜಿಸ್ಟ್ರೇಟರ ಮುಂದೆ ಇನ್ನೊಮ್ಮೆ ಹೇಳಬೇಕಾಗುತ್ತದೆ ಎಂದು ತಿಳಿಸಿದ್ದಕ್ಕೆ, ಅಲ್ಲಿಯೂ ಹೇಳುತ್ತೇನೆ ಎಂದ.

ಜನವರಿ ೧೯, ಭಾನುವಾರ. ಇಂಜಿನ್ ಕೂಡಿಸಿ ಮುಗಿದಿತ್ತು, ಬಣ್ಣ ಇನ್ನೂ ಹಚ್ಚಿರಲಿಲ್ಲ. ಬೆಳಿಗ್ಗೆ ಆರೂಕಾಲಿಗೆ ಅವನು ಅದನ್ನು ಚಾಲೂ ಮಾಡಿದ. ಹತ್ತು ವರ್ಷದ ಮೇಲೆ ಅದರ ಸದ್ದು ಕೇಳಿದ್ದು. ಬಾಯಿಯವರ ತಾಕೀತು ನೆನಪಿತ್ತು. ಹೈವೇಯವರೆಗೆ ಎಂದು ಹೊರಟ. ಹೈವೇ ಖಾಲಿಯಿತ್ತು. ಯೇಣೇಗೂರಿನವರೆಗೆ ಹೋಗಿ ತಿರುಗಿಸಿದ. ಬರುವಾಗ ಕಾಲು ಒತ್ತಿದ. ಮುಳ್ಳು ಎಂಬತ್ತು ಮೈಲಿಯ ಹತ್ತಿರ ಇದ್ದಾಗ ಇಂಜಿನ್ನಿನ ಮಗ್ಗುಲು ಒಡೆಯಿತು.

"ಯಾಕ ಒಡೀತು?"

"ಒಳಗಿನ ನಟ್ಟು ನಾನೇ ಬಿಗದಿದ್ದೆ ರೀ. ಅದು ಸಡಲಬಾರದು ಅಂತ ಒಂದು ಪಿನ್ನು ಹಾಕಬೇಕು. ಪಿನ್ನು ಸೋಲಾಪುರದಿಂದ ಬರಬೇಕಿತ್ತು. ನಾಕು ದಿನದ ಮಾತು. ನಾ ತಡೀಲಿಲ್ಲ."

ಮೂವತ್ತು ವರ್ಷದ ಕೆಲಸದಲ್ಲಿ ಪಿನ್ನು ಹಾಕದೆ ಅವನು ಯಾವ ಇಂಜಿನ್ನನ್ನೂ ಚಾಲೂ ಮಾಡಿರಲಿಲ್ಲ. ಒಡೆದದ್ದನ್ನು ಹೇಳಿದರೆ ಪಿನ್ನಿನ ಮಾತು ಬರುತ್ತಿತ್ತು. ಪಿನ್ನಿನ ಮಾತು ಬಂದರೆ ಒಳಗೆ ಯಾರು ಕೂತಿದ್ದರು ಎಂಬ ಮಾತೂ ಬರುತ್ತಿತ್ತು. ಆಗ ವಲಾಂಡಿಯ ಗಾಡಿಯ ನೆನಪಾಯಿತು. ಅದನ್ನು ಯಾರೂ ಓಡಿಸುವುದಿಲ್ಲ, ಬಾನೆಟ್ ಎತ್ತುವುದೂ ಇಲ್ಲ. ಹಿತ್ತಾಳೆ ಪಟ್ಟಿ ಬದಲಿಸುವಾಗ ಕೆಳಗಿನ ಬೂದಿ ಬಣ್ಣ ಕಂಡಿತ್ತು. ಬಾಯಿಯವರು ಹಸಿರನ್ನು ಹೊಲದಲ್ಲಿ ಕಂಡ ನೆನಪಿನಿಂದ ಹೇಳುತ್ತಾರೆಂದು ತಿಳಿದಿದ್ದ. ಪಟ್ಟಿ ಬಿಚ್ಚಿ ನೋಡಿದ್ದಾರೆಂದು ಗೊತ್ತಿರಲಿಲ್ಲ.

ಓಡಿಸಲೇಬೇಕೆಂದು ಯಾಕೆ ಅನಿಸಿತು ಎಂದು ಕಲ್ಯಾಣಪ್ಪ ಕೇಳಿದರು. ಹೇಳಿಕೆ ಬರೆಯುತ್ತಿದ್ದ ಗಫೂರಮಿಯಾ ಪೆನ್ನು ಎತ್ತಿ ಹಿಡಿದು ಕಾದ.

"ಹದಿನಾಕು ವರ್ಷ ಅದರ ಬುಡಕ ಮಲಗೀನಿ ಸಾಹೇಬ್ರ. ಸೀಟ ಮ್ಯಾಲ ಕೈ ಇಡಾಕೂ ಬಿಟ್ಟಿದ್ದಿಲ್ಲ, ಜಿಡ್ಡು ಹತ್ತತದ ಅಂತ. ಒಳಗ ಕೂತರ ಮುಂದಿನ ಹಾದಿ ಹೆಂಗ ಕಾಣತದ, ಅಷ್ಟು ನೋಡಬೇಕಿತ್ತು."

ಮಾರ್ಚ್ ೧೨ರಂದು ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ಮುದ್ದೆಮಾಲು ಗುರುತಿಸಿ ಸಹಿ ಹಾಕಲು ಬಂದಿದ್ದ ಶಿವಗಂಗಾಬಾಯಿಗೆ ಕಲ್ಯಾಣಪ್ಪ ಆ ಹೇಳಿಕೆಯನ್ನು ಓದಿ ಹೇಳಿದರು. ಓದಲೇಬೇಕೆಂಬ ನಿಯಮವೇನೂ ಇರಲಿಲ್ಲ. ಅವರು ಸಹಿ ಹಾಕಿ, ಪೆನ್ನು ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡರು.

"ನನಗ ಕೇಳಿದ್ದರ," ಎಂದರು, "ನಾ ಪಕ್ಕದಾಗ ಕೂಡತಿದ್ದೆ."

ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶಕ್ಕೆ ಒಂದು ಕಾಲಮಿರುತ್ತದೆ. ಅಲ್ಲಿ ಕಲ್ಯಾಣಪ್ಪ ಮರಾಠಿಯಲ್ಲಿ, ಗಾಡಿಯನ್ನು ಒಮ್ಮೆ ತಾನೇ ಓಡಿಸಬೇಕೆಂಬ ಆಸೆ, ಎಂದು ಬರೆದು ಮೇಲಿನ ಕಚೇರಿಗೆ ಕಳಿಸಿದರು. ಏಳು ದಿನದ ಮೇಲೆ ಕಾಗದ ತಿರುಗಿ ಬಂತು. ಉದ್ದೇಶ ಸಮಾಧಾನಕರವಾಗಿಲ್ಲ, ಆರೋಪಿಗೆ ಇದರಿಂದ ಆದ ಲಾಭವೇನೆಂದು ಸ್ಪಷ್ಟಪಡಿಸಿ, ಎಂದು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು. ಕಲ್ಯಾಣಪ್ಪ ಅದನ್ನು ಎರಡು ಸಲ ಓದಿದರು. ಆಮೇಲೆ ಹೊಸ ಹಾಳೆ ತೆಗೆದುಕೊಂಡು ಅದೇ ಸಾಲನ್ನು, ಈ ಸಲ ಸ್ವಲ್ಪ ದಪ್ಪ ಅಕ್ಷರದಲ್ಲಿ, ಇನ್ನೊಮ್ಮೆ ಬರೆದು ಕಳಿಸಿದರು.